ಜೀವ ಬಂದ ಕಾಲು

ಊರಿನ ಪವಾಡಪುರುಷ ದೊಡ್ಡಣ್ಣನನ್ನು ಕೊಲ್ಲಬೇಕೆಂದು ಟೈಲರ್ ತೀರ್ಮಾನಿಸಿದಾಗ ಅವನಿಗೆ ಕೋಪವೇನೂ ಇರಲಿಲ್ಲ. ತಂಗಿ ತೀರಿಕೊಂಡ ಮೇಲೆ ಕೋಪವೂ ಬಂದಿರಲಿಲ್ಲ, ಅಳುವೂ ಬಂದಿರಲಿಲ್ಲ. ಕಾಲಿಗೆ ಹಿಡಿದಿದ್ದ ಜೋಮು ಮೆಲ್ಲಗೆ ಮೇಲೇರಿ ಎದೆಯಲ್ಲಿ ಕೂತಂತಿತ್ತು. ಅಳತೆ ತೆಗೆದ ಬಟ್ಟೆಯನ್ನು ಕತ್ತರಿಸಲೇಬೇಕಲ್ಲ, ಇದೂ ಹಾಗೇ ಮುಗಿಸಬೇಕಾದ ಒಂದು ಕೆಲಸ ಎಂದುಕೊಂಡ.

ಸಕ್ಕರೆ ಕಾಯಿಲೆ ಆ ಮನೆಯ ಪಿತ್ರಾರ್ಜಿತ ಆಸ್ತಿ. ಅಪ್ಪನಿಂದ ಅವನಿಗೂ ಬಂತು, ತಂಗಿಗೂ ಬಂತು. ಇಬ್ಬರೂ ಮದುವೆಯ ಗೋಜಿಗೆ ಹೋಗಿರಲಿಲ್ಲ. ಮುಂದಿನ ಕೋಣೆಯಲ್ಲಿ ಹೊಲಿಗೆ, ಹಿಂದಿನ ಕೋಣೆಯಲ್ಲಿ ಅಡುಗೆ, ಊಟ, ಜಗಳ. ಅವಳು ಇಂಜೆಕ್ಷನ್ನಿನ ಮೇಲೆ ಬದುಕಿದ್ದಳು. ಅವನ ಪಾದಗಳು ಮಾತ್ರ ಸತ್ತಿದ್ದವು. ಮಿಷನ್ನಿನ ಪೆಡಲ್ ತುಳಿಯುತ್ತಿರುವುದು ಬೇರೆ ಯಾರದೋ ಕಾಲು ಎನ್ನಿಸುತ್ತಿತ್ತು. ಒಮ್ಮೆ ಗುಂಡುಪಿನ್ನೊಂದು ಅಂಗಾಲಿಗೆ ಚುಚ್ಚಿಕೊಂಡು ಇಡೀ ದಿನ ಅಲ್ಲೇ ಇತ್ತು. ಸಂಜೆ ಅದನ್ನು ಕಂಡು ಕಿತ್ತವಳು ತಂಗಿ. ಅಂದಿನಿಂದ ದಿನವೂ ಅವನ ಪಾದ ತಿರುಗಿಸಿ ನೋಡುವುದು, ಉಗುರು ಕತ್ತರಿಸುವುದು, ಚಪ್ಪಲಿ ತಂದರೆ ಜಾರದಂತೆ ಹಿಮ್ಮಡಿಗೊಂದು ಎಲಾಸ್ಟಿಕ್ ಹೊಲಿಯುವುದು ಎಲ್ಲ ಅವಳ ಪಾಲಾಯಿತು.

"ನಾನೇನು ಎಳೆ ಮಗುನಾ?" ಎಂದು ಗೊಣಗಿದರೆ, "ಸುಮ್ನೆ ಕಾಲು ಕೊಡೋ ಅಣ್ಣ" ಎನ್ನುತ್ತಿದ್ದಳು.

ದೊಡ್ಡಣ್ಣನ ಸಭೆಗೆ ಅವನನ್ನು ಎಳೆದುಕೊಂಡು ಹೋದವಳೂ ಅವಳೇ. ದೊಡ್ಡಣ್ಣ ಮುಟ್ಟಿದರೆ ರೋಗ ಓಡಿಹೋಗುತ್ತದೆ ಎಂದು ಊರೆಲ್ಲ ಮಾತು. ಟೈಲರ್ ನಂಬಿರಲಿಲ್ಲ. ವಾಸಿಯಾದವರು ಬಿಟ್ಟುಹೋದದ್ದೆಂದು ಗೋಡೆಗೆ ನೇತುಹಾಕಿದ್ದ ಊರುಗೋಲುಗಳ ತುದಿಯ ರಬ್ಬರು ಒಂಚೂರೂ ಸವೆದಿರಲಿಲ್ಲ. ಅಂಗಡಿಯಿಂದ ನೆಟ್ಟಗೆ ಗೋಡೆಗೇ ಬಂದಿದ್ದವು. ಆದರೂ ವೇದಿಕೆಗೆ ಕರೆದಾಗ ಹೋದ. ದೊಡ್ಡಣ್ಣ ಅವನ ಪಾದ ಹಿಡಿದು ಚಿವುಟಿ, "ಗೊತ್ತಾಯ್ತಾ?" ಎಂದು ಮೈಕಿನಲ್ಲಿ ಕೇಳಿದ. ಏನೂ ಗೊತ್ತಾಗಿರಲಿಲ್ಲ. ಸಭೆಗೆ ಸಭೆಯೇ ಉಸಿರು ಬಿಗಿಹಿಡಿದು ಕೂತಿತ್ತು. ಅಷ್ಟು ಜನರೆದುರು ಇಲ್ಲ ಎನ್ನಲು ನಾಚಿಕೆಯಾಗಿ, "ಹೂಂ, ಗೊತ್ತಾಯ್ತು" ಅಂದುಬಿಟ್ಟ.

ತಂಗಿ ದೊಡ್ಡಣ್ಣನನ್ನು ಎಷ್ಟು ನಂಬಿದಳೋ ಏನೋ, ಅಣ್ಣನ ಮಾತನ್ನು ಪೂರ್ತಿ ನಂಬಿದಳು. ಮನೆಗೆ ಬಂದು ನಿಜ ಹೇಳೋಣ ಎಂದುಕೊಂಡಿದ್ದ. ಅವಳು ಅವನ ಪಾದಗಳನ್ನು ಮಡಿಲಲ್ಲಿಟ್ಟುಕೊಂಡು ಸಂತೋಷಕ್ಕೆ ಅತ್ತಾಗ ಹೇಳುವುದನ್ನು ಕೈಬಿಟ್ಟ. ದೊಡ್ಡಣ್ಣನಿಂದ ತನಗೂ ವಾಸಿಯಾಗುತ್ತದೆಂದು ಅವಳು ಗುಟ್ಟಾಗಿ ಇಂಜೆಕ್ಷನ್ ಬಿಟ್ಟಳು. ಆಸ್ಪತ್ರೆಗೆ ಸೇರಿಸುವಷ್ಟರಲ್ಲಿ ಕೈ ಮೀರಿತ್ತು.

ಆಮೇಲೆ ಅವನು ಪರಮ ಭಕ್ತನಾದ. ವಾರ ವಾರವೂ ವೇದಿಕೆ ಹತ್ತಿ ತನ್ನ ಕಾಲಿಗೆ ಜೀವ ಬಂದ ಕತೆ ಹೇಳಿದ. ತಂಗಿಯನ್ನು ಕಳೆದುಕೊಂಡರೂ ನಂಬಿಕೆ ಕಳೆದುಕೊಳ್ಳಲಿಲ್ಲವಲ್ಲ ಎಂದು ಜನ ಕಣ್ಣೊರೆಸಿಕೊಂಡರು. ಇಂಥವನ ಮೇಲೆ ಯಾರು ತಾನೇ ಅನುಮಾನಪಟ್ಟಾರು?

ದೊಡ್ಡಣ್ಣನ ನಿಲುವಂಗಿ ಹೊಲಿಯುವ ಕೆಲಸವೂ ತಾನಾಗಿ ಬಂತು. ಅಳತೆಗೆಂದು ಹೋದಾಗ ಮೇಲಿನ ಮಹಡಿಯ ಮೂಲೆಮೂಲೆ ನೋಡಿಕೊಂಡ. ಸಭೆಯ ನಡುವೆ ದೀಪ ಆರಿಸಿ ಎಲ್ಲರೂ ಕಣ್ಣು ಮುಚ್ಚಿ ಕೂರುವ ಮೌನದ ಹೊತ್ತೊಂದಿತ್ತು. ಆಗ ದೊಡ್ಡಣ್ಣ ದೇವರೊಡನೆ ಮಾತಾಡಲು ಮೇಲೆ ಹೋಗುತ್ತಾನೆ ಎಂಬುದು ಜನರ ನಂಬಿಕೆ. ಅವನು ಹೋಗುತ್ತಿದ್ದದ್ದು ಹಿಂದಿನ ಬಾಲ್ಕನಿಗೆ, ಸಿಗರೇಟು ಸೇದಲು. ಸೇದಿ ಸೇದಿ ಹಿಡಿದಿದ್ದ ಕೆಮ್ಮಿಗೆ ಡಾಕ್ಟರು ಕೊಟ್ಟ ಮಾತ್ರೆ ನುಂಗುತ್ತಿದ್ದ. ಬಾಲ್ಕನಿಯ ಕಂಬಿ ತೊಡೆಯೆತ್ತರಕ್ಕೂ ಬರುತ್ತಿರಲಿಲ್ಲ. ಕೆಳಗೆ ಸಿಮೆಂಟಿನ ಅಂಗಳ.

ಟೈಲರ್ ಕೊನೆಯ ಸಾಲಿನ ತುದಿಯ ಕುರ್ಚಿ ಹಿಡಿದ. ಹಿಂಬಾಗಿಲ ಕೀಲಿಗೆ ಮಿಷನ್ ಎಣ್ಣೆ ಬಿಟ್ಟ. ಮೆಟ್ಟಿಲು ಕಬ್ಬಿಣದ್ದು; ಬೂಟು ಹಾಕಿದರೆ ಸದ್ದಾಗುತ್ತದೆ, ಹಳೆಯ ಚಪ್ಪಲಿ ಕಿರುಗುಟ್ಟುತ್ತದೆ. ಬರಿಗಾಲಲ್ಲಿ ಹೋಗೋಣವೆಂದರೆ ಅಂಗಾಲು ಕುಯ್ದರೂ ಅವನಿಗೆ ಗೊತ್ತಾಗದು, ರಕ್ತದ ಗುರುತು ಉಳಿದೀತು. ಅದನ್ನೂ ಯೋಚಿಸಿಯೇ ಮೆತ್ತನೆಯ ಅಡಿಯ ಹೊಸ ಚಪ್ಪಲಿ ಕೊಂಡುತಂದ. ತನ್ನಷ್ಟು ಅಚ್ಚುಕಟ್ಟಾಗಿ ಯಾರೂ ಯೋಚಿಸಲಾರರು ಎನ್ನಿಸಿತು. ಹೆಮ್ಮೆಯೇನೂ ಆಗಲಿಲ್ಲ.

ಆ ಸಂಜೆ ದೀಪ ಆರಿತು. ಕಂಬಿ ಹಿಡಿದು ಕತ್ತಲಲ್ಲೇ ಮೆಟ್ಟಿಲೇರಿದ. ದೊಡ್ಡಣ್ಣ ಬಾಲ್ಕನಿಯ ತುದಿಯಲ್ಲಿ ನಿಂತು ಕೆಮ್ಮುತ್ತಿದ್ದ. ತಿರುಗಿ ನೋಡಿ ಸಿಗರೇಟನ್ನು ಬೆನ್ನ ಹಿಂದೆ ಬಚ್ಚಿಟ್ಟ.

"ಓ, ನೀನಾ? ಕಾಲು ಹೇಗಿದೆಯಪ್ಪಾ?" ಎಂದ, ರೂಢಿಯ ಬಲದಿಂದ.

"ಏನೂ ಗೊತ್ತಾಗಲ್ಲ" ಎಂದ ಟೈಲರ್. ನಿಜ ಹೇಳಿದ್ದು ಅದೇ ಮೊದಲು. ಎರಡೂ ಕೈಯಿಂದ ಎದೆಗೆ ನೂಕಿದ. ಹೂವೆತ್ತಿದಷ್ಟು ಸಲೀಸಾಗಿ ಕೆಲಸ ಮುಗಿಯಿತು.

ಕುರ್ಚಿಗೆ ಮರಳಿ ಕಣ್ಣು ಮುಚ್ಚಿದ. ಈಗಲಾದರೂ ಎದೆ ಹಗುರಾದೀತು, ಒಂದು ತೊಟ್ಟು ಕಣ್ಣೀರಾದರೂ ಬಂದೀತು ಎಂದು ಕಾದ. ಏನೂ ಆಗಲಿಲ್ಲ. ಅಂಗಳದಲ್ಲಿ ಯಾರೋ ಕಿರುಚಿದರು, ದೀಪ ಹತ್ತಿತು, ಪೊಲೀಸರು ಬಂದು ಬಾಗಿಲು ಮುಚ್ಚಿದರು. ಇನ್‌ಸ್ಪೆಕ್ಟರ್ ಒಬ್ಬೊಬ್ಬರನ್ನೇ ಕೇಳುತ್ತ ಕೊನೆಯ ಸಾಲಿಗೆ ಬಂದಾಗ ಪಕ್ಕದ ಕುರ್ಚಿಯ ಅಜ್ಜಿ ತಾನೇ ಬಾಯಿ ಹಾಕಿದಳು. "ಇವನು ನನ್ನ ಪಕ್ಕದಲ್ಲೇ ಇದ್ದ ಸಾರ್, ಒಂಚೂರು ಅಲ್ಲಾಡಿಲ್ಲ." ಕಣ್ಣು ಮುಚ್ಚಿ ಕೂತವರು ತುಂಬ ಒಳ್ಳೆಯ ಸಾಕ್ಷಿ ಎಂದುಕೊಂಡ ಟೈಲರ್. ಇನ್‌ಸ್ಪೆಕ್ಟರ್ ತಲೆಯಾಡಿಸಿ ಮುಂದೆ ಹೋದ.

ಆಗ ಹಿಂಬಾಗಿಲಿಂದ ಪೇದೆಯೊಬ್ಬ ಏನನ್ನೋ ಕೈಯಲ್ಲಿ ಹಿಡಿದು ಒಳಗೆ ಬಂದ. "ಮೆಟ್ಟಿಲ ಮೇಲೆ ಬಿದ್ದಿತ್ತು ಸಾರ್." ಟೈಲರ್ ಅತ್ತ ನೋಡುವ ಮೊದಲೇ ಅಜ್ಜಿ ಅವನ ಮೊಣಕೈ ತಟ್ಟಿದಳು. "ಅಯ್ಯೋ ಮಗನೇ, ನೆಲ ಇಷ್ಟು ತಣ್ಣಗಿದೆ, ಕಾಲಿಗೆ ಗೊತ್ತಾಗ್ತಿಲ್ವಾ?" ಎಂದಳು, ಎಲ್ಲರಿಗೂ ಕೇಳುವಂತೆ. ಅವನು ಬಗ್ಗಿ ನೋಡಿದ. ಬಲಗಾಲಲ್ಲಿ ಮೆತ್ತನೆಯ ಹೊಸ ಚಪ್ಪಲಿ ಇತ್ತು, ಎಡಗಾಲು ಬರಿದಾಗಿತ್ತು. ಇನ್‌ಸ್ಪೆಕ್ಟರ್ ಪೇದೆಯ ಕೈಯಿಂದ ಎಡಗಾಲಿನದನ್ನು ತೆಗೆದುಕೊಂಡು ನಿಧಾನಕ್ಕೆ ಅವನತ್ತ ನಡೆದುಬರುತ್ತಿದ್ದ. ಚಪ್ಪಲಿ ಹೊಸದು, ಹಿಮ್ಮಡಿಗೆ ಎಲಾಸ್ಟಿಕ್ ಇರಲಿಲ್ಲ. ಅದನ್ನು ಹೊಲಿಯುವವಳು ಮನೆಯಲ್ಲಿರಲಿಲ್ಲ.