ಭುಜದ ಮೇಲೆ ಉಳಿದ ಕೈ

“ಅಕಿನ್ನ ತೆಗಿ!”

ಗೋಡೆಯಿಂದ ಇಳಿಸಿ ತಂದ ದೊಡ್ಡ ಫೋಟೊವನ್ನು ಸುಗಲಮ್ಮ ಮಗನ ಮೇಜಿನ ಮೇಲೆ ಕುಕ್ಕಿದಳು. ಚೌಕಟ್ಟಿನ ಗಾಜು ಝಲ್ಲೆಂದಿತು. ಯಾರದೋ ಮದುವೆಯ ಆಲ್ಬಂ ಜೋಡಿಸುತ್ತ ಕಂಪ್ಯೂಟರಿನ ಮುಂದೆ ಕುಳಿತಿದ್ದ ಆನಂದಕುಮಾರ ತಲೆ ಎತ್ತಿದ.

“ಯಾರನ್ನ ಅವ್ವ?”

“ಗೊತ್ತಿಲ್ಲದವರಂಗ ಕೇಳಬ್ಯಾಡ. ನೀಲಾನ್ನ ತೆಗಿ. ನಿಮ್ಮಪ್ಪ ಇರ್ಲಿ, ಮಲ್ಲು ಇರ್ಲಿ, ಕೂಸು ಇರ್ಲಿ. ಅಕಿ ಬ್ಯಾಡ. ಬರೂ ಐತವಾರ ಹೊಸ ಸೊಸಿ ಈ ಮನಿ ಹೊಸ್ತಿಲ ದಾಟ್ತಾಳ. ಅಷ್ಟ್ರಾಗ ಆಗಬೇಕು.”

ಲಹರಿಯ ಜವಳದ ದಿನ ಆನಂದನೇ ತೆಗೆದ ಫೋಟೊ ಅದು. ನಡುವೆ ಕುರ್ಚಿಯಲ್ಲಿ ತಂದೆ, ಪಕ್ಕದಲ್ಲಿ ತಾಯಿ, ಹಿಂದೆ ಅಣ್ಣ ಮಲ್ಲು, ತಂದೆಯ ತೊಡೆಯ ಮೇಲೆ ಬೋಳು ತಲೆಯ ಲಹರಿ. ಕೂಸಿನ ಭುಜದ ಮೇಲೆ ಕೈಯಿಟ್ಟು ನಿಂತವಳು ಅದರ ತಾಯಿ, ಮಲ್ಲುವಿನ ಹೆಂಡತಿ ನೀಲಾ. ತಂದೆಯ ಕೊನೆಯ ಫೋಟೊ ಅದೇ. ಹಾಗಾಗಿ ಅದನ್ನು ಮೂಲೆಗೆ ಹಾಕುವಂತಿಲ್ಲ. ತಂದೆ ಹೋದ ಮರುವರ್ಷವೇ ನೀಲಾಳೂ ಜ್ವರವೆಂದು ಮಲಗಿದವಳು ಏಳಲಿಲ್ಲ.

“ಲಹರಿಗೇನ್ ಹೇಳ್ತಿ?” ಎಂದ ಆನಂದ.

“ಸಣ್ಣ ಕೂಸು, ಮರೀತೈತಿ. ಮರೀಲಿ ಅಂತನ ಮಾಡಾಕತ್ತೀನಿ!”

ಬಾಗಿಲಲ್ಲಿ ಮಲ್ಲು ನಿಂತಿದ್ದ. ಎರಡನೇ ಮದುವೆಯ ಗಂಡು, ಮೊದಲನೆಯವಳ ಮುಖದ ಬಗ್ಗೆ ಒಂದು ಮಾತಾದರೂ ಆಡಬಹುದೆಂದು ಆನಂದ ಕಾದ. “ಅವ್ವ ಹೇಳಿದಂಗ ಮಾಡಪಾ...” ಎಂದವನೇ ಮಲ್ಲು ಚಪ್ಪಲಿ ಹುಡುಕುತ್ತ ಹೊರಗೆ ಹೋದ. ಕೆಲವರು ದುಃಖವಾದಾಗ ಅಳುತ್ತಾರೆ, ಕೆಲವರು ಚಪ್ಪಲಿ ಹುಡುಕುತ್ತಾರೆ.

ಆನಂದನಿಗೆ ಫೋಟೊ ತೆಗೆಯುವುದನ್ನು ಕಲಿಸಿದವರು ಯಾರೆಂದು ಕೇಳಿದರೆ ಅವನು ಸಿಕಂದರಾಬಾದಿನ ಸ್ಟುಡಿಯೊ ಒಂದರ ಹೆಸರು ಹೇಳುತ್ತಿದ್ದ. ನಿಜವಾಗಿ ಅವನ ಕೈ ಪಳಗಿದ್ದು ಈ ಮಿಯಾಪುರದ ಮನೆಯ ಅಡುಗೆಮನೆಯಲ್ಲಿ. ಕಿಟಕಿಯ ಬೆಳಕಿನಲ್ಲಿ ನೀಲಾ ರೊಟ್ಟಿ ಬಡಿಯುತ್ತಿದ್ದರೆ ಇವನು ಹಳೆಯ ಕ್ಯಾಮೆರಾ ಹಿಡಿದು ಸುತ್ತ ಸುಳಿಯುತ್ತಿದ್ದ. “ವೈನಿ, ಒಂಚೂರು ಈ ಕಡೆ ತಿರುಗ್ರಿ... ಅಲ್ಲೇ ಇರ್ರಿ...” “ರೊಟ್ಟಿ ಹೊತ್ತಿದ್ರ ನೀನ ತಿನ್ನಬೇಕು ನೋಡು!” ಎನ್ನುತ್ತಲೇ ಅವಳು ತಿರುಗುತ್ತಿದ್ದಳು. ಮುಖದ ಯಾವ ಪಕ್ಕಕ್ಕೆ ಎಷ್ಟು ಬೆಳಕು ಬೀಳಬೇಕು, ನಗು ಬರುವ ಮುಂಚಿನ ಗಳಿಗೆ ಯಾವುದು ಎಂಬುದನ್ನೆಲ್ಲ ಅವನು ಕಲಿತದ್ದು ಆ ಒಂದು ಮುಖ ನೋಡಿ. ಅವನು ತಿಂದ ಹೊತ್ತಿದ ರೊಟ್ಟಿಗಳಿಗಂತೂ ಲೆಕ್ಕವಿಲ್ಲ.

ಅವಳು ಹೋದ ಮೇಲೆ ಅವನ ಎದೆಯೊಳಗೆ ಏನೋ ನಿಂತುಹೋಯಿತು. ಅವನು ಅತ್ತಿರಲಿಲ್ಲ. ಜೋಮು ಹಿಡಿದ ಕಾಲಿನಂತೆ, ಇದೆಯೆಂದು ಗೊತ್ತು, ಮುಟ್ಟಿದರೆ ತಿಳಿಯುವುದಿಲ್ಲ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎನ್ನುತ್ತಾರೆ. ಮದುವೆಯ ಫೋಟೊ ತೆಗೆದು ನೋಡು ಎಂದು ಯಾರೂ ಹೇಳಿಲ್ಲ. ತೆಲುಗಿನವರ ಮದುವೆಯಲ್ಲಿ “ಕೊಂಚೆಂ ನವ್ವಂಡಿ ಅಮ್ಮಾ” ಎಂದು ನಗಿಸಿದ. ಹಿಂದಿಯವರಲ್ಲಿ “ಜರಾ ಇಧರ್ ದೇಖಿಯೇ” ಎಂದು ತನ್ನ ಕಡೆ ತಿರುಗಿಸಿದ. ಮಗಳನ್ನು ಕಳಿಸಿಕೊಡುವ ತಾಯಂದಿರು ಬಿಕ್ಕಿ ಅಳುವಾಗ ಕಣ್ಣೀರಿಗೆ ಬೆಳಕು ಸರಿಮಾಡಿಕೊಂಡ. ಕೈ ಮಾತ್ರ ವರ್ಷದಿಂದ ವರ್ಷಕ್ಕೆ ಚುರುಕಾಯಿತು. ಜಗಳವಾಡಿದ ಭಾವಂದಿರನ್ನು, ಮುರಿದ ಸಂಬಂಧದ ಸೊಸೆಯರನ್ನು ಆಲ್ಬಮ್ಮಿನಿಂದ ಅಳಿಸಿಕೊಡಿ ಎಂದು ಜನ ಬಂದರೆ, ಅಲ್ಲಿ ಯಾರೂ ನಿಂತೇ ಇರಲಿಲ್ಲವೆನ್ನುವಂತೆ ಅಳಿಸಿಕೊಡುತ್ತಿದ್ದ.

ಮಧ್ಯಾಹ್ನ ಮನೆ ಖಾಲಿಯಾದಾಗ ಅವನು ಆ ಫೋಟೊ ತೆರೆದ. ನೀಲಾಳ ಸೀರೆಯ ಮೇಲೆ ಗೋಡೆಯ ನೀಲಿ ಬಣ್ಣ ಎಳೆದ. ಕುತ್ತಿಗೆ ಹೋಯಿತು. ಮುಖದ ಮೇಲೆ ಬಂದಾಗಲೂ ಕೈ ನಿಲ್ಲಲಿಲ್ಲ, ಅವನಿಗೇ ಆಶ್ಚರ್ಯವಾಯಿತು. ಕೊನೆಗೆ ಉಳಿದದ್ದು ಲಹರಿಯ ಭುಜದ ಮೇಲಿನ ಕೈ. ಹಸಿರು ಬಳೆ, ಮಣಿಕಟ್ಟಿನ ಬಳಿ ಹಂಚು ತಾಗಿದ ಹಳೆಯ ಕಲೆ. ಅದನ್ನು ಅಳಿಸುವುದು ಅವನಿಗೆ ಐದು ನಿಮಿಷದ ಕೆಲಸ. ಆಮೇಲೆ ಮಾಡೋಣವೆಂದುಕೊಂಡ. ಮಾಡದೆಯೇ ಪ್ರಿಂಟಿಗೆ ಕಳಿಸಿದ. ಮರೆತನೋ, ಬೇಕೆಂದೇ ಬಿಟ್ಟನೋ, ಅವನಿಗೂ ಗೊತ್ತಿಲ್ಲ.

ಶನಿವಾರ ರಾತ್ರಿ ಕೂಸು ಮಲಗಿದ ಮೇಲೆ ಸುಗಲಮ್ಮ ಅವಸರದಲ್ಲಿ ಹಳೆಯ ಫೋಟೊ ತೆಗೆದು ಹೊಸದನ್ನು ಗೋಡೆಗೆ ಹಾಕಿದಳು. ಭಾನುವಾರ ಲಿಂಗಂಪಲ್ಲಿಯ ಚಿಕ್ಕ ಛತ್ರವೊಂದರಲ್ಲಿ ಮದುವೆ. ಹೆಣ್ಣು ಸುಮಂಗಲಾ, ಮೂವತ್ತು ದಾಟಿದವಳು, ಮಾತು ಕಡಿಮೆ. ಅಕ್ಷತೆಯ ಅಕ್ಕಿಕಾಳು ಬೀಳುವ ಮುಂಚೆ ಸುಗಲಮ್ಮ ಅವಳನ್ನು ಒಳಗೆ ಕರೆದು ಕೊರಳಿಗೆ ಬಂಗಾರದ ಸಣ್ಣ ತಗಡೊಂದನ್ನು ಕಟ್ಟಿದಳು. ಎಲ್ಲ ಶಾಸ್ತ್ರವನ್ನೂ ತೆಗೆಯುವಂತೆ ಆನಂದ ಅದನ್ನೂ ತೆಗೆದ.

“ಇದೇನ್ರಿ ಅತ್ತಿ?”

“ಮೊದಲಿನಾಕಿ ಹೆಸರಿಂದು. ಕೊರಳಾಗಿರ್ಲಿ. ಕಾಟ ಕೊಡೂದಿಲ್ಲ.”

ಕ್ಯಾಮೆರಾದಲ್ಲಿ ಕಣ್ಣಿಟ್ಟವನಿಗೆ ಬಗ್ಗಿದ ತಾಯಿಯ ಕೊರಳಿನಲ್ಲೂ ಅಂಥದೇ ಒಂದು ತಗಡು ಕಂಡಿತು, ಹಳೆಯದು, ಸವೆದದ್ದು. ಚಿಕ್ಕಂದಿನಿಂದ ನೋಡಿದ್ದೇ. ಒಡವೆ ಎಂದುಕೊಂಡಿದ್ದ. ಮುಂದಿನ ಫೋಟೊಗೆ ಹೋದ.

ಮರುದಿನ ಬೆಳಿಗ್ಗೆ ಲಹರಿ ಚೀಲ ಹೆಗಲಿಗೇರಿಸಿ ಎಂದಿನಂತೆ ಗೋಡೆಯ ಮುಂದೆ ಬಂದಳು. ದಿನವೂ ಹೀಗೇ. ಫೋಟೊದಲ್ಲಿನ ತಾಯಿಗೆ ಹೇಳದೆ ಅವಳು ಶಾಲೆಗೆ ಹೋದವಳಲ್ಲ.

“ಅವ್ವಾ, ಸಾಲಿಗೆ ಹೋಗಿ ಬ...”

ಮಗು ಸ್ಟೂಲು ಎಳೆದು ಹತ್ತಿತು. ಗಾಜಿನ ಮೇಲೆ ಬೆರಳಿಟ್ಟು ನೀಲಿ ಗೋಡೆಯ ಉದ್ದಕ್ಕೂ ಹುಡುಕಿತು. ಬೆರಳು ಇಳಿದು ಭುಜದ ಮೇಲೆ ನಿಂತಿತು.

“ಕಾಕಾ... ಅವ್ವನ ಕೈ ಇಲ್ಲೇ ಐತಿ. ಅವ್ವ ಎಲ್ಲಿ?”

ಮಲ್ಲು ಪತ್ರಿಕೆಯೊಳಗೆ ಮುಖ ಮುಚ್ಚಿಕೊಂಡ.

“ಅವ್ವ ನನ್ನ ಕೈ ಬಿಟ್ಲೇನು, ಕಾಕಾ?”

ಅಯ್ಯೋ! ಆರು ವರ್ಷದ ಕೂಸು ಆ ಮಾತನ್ನು ಯಾರ ಬಾಯಲ್ಲಿ ಕೇಳಿ ಕಲಿತಿತ್ತೋ! ಒಳಗಿನಿಂದ ಸುಮಂಗಲಾ ಹಿಟ್ಟಿನ ಕೈಯಲ್ಲೇ ಬಂದಳು. ಫೋಟೊ ನೋಡಿದಳು, ಮಗುವನ್ನು ನೋಡಿದಳು. ಅವಳಿಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

“ಇಲ್ಲವ್ವಾ, ಕೈ ಬಿಟ್ಟಿಲ್ಲ. ನೋಡು... ಕೈ ಇನ್ನೂ ನಿನ್ನ ಮ್ಯಾಲನ ಐತಿ.” ಆಮೇಲೆ ಮೈದುನನ ಕಡೆ ತಿರುಗಿದಳು. “ಇವರನ್ನ ಅಳಿಸಿದವರು ನೀವನ?”

“ಹೌದ್ರಿ ವೈನಿ.”

“ತಿರುಗಿ ತರಾಕ ಬರ್ತೈತಿ?”

“ಬರ್ತೈತ್ರಿ. ಮೊದಲಿಂದು ಹಂಗ ಐತಿ.”

“ಬ್ಯಾಡ!” ಸುಗಲಮ್ಮ ಕಿರುಚಿದಳು. “ನಿನಗ ತಿಳಿಯಾಂಗಿಲ್ಲ, ಬ್ಯಾಡವ್ವ!”

“ಅತ್ತಿ, ನಿನ್ನೆ ನೀವ ಅವರನ್ನ ನನ್ನ ಕೊರಳಿಗಿ ಕಟ್ಟೀರಿ. ಕೊರಳಾಗ ಹೊರತೀನಿ ಅಂದಮ್ಯಾಲ ಗ್ವಾಡಿ ಮ್ಯಾಲ ನೋಡಾಕ ನನಗೇನ ಅಂಜಿಕಿ? ಈ ಕೂಸಿನ ಅವ್ವನ್ನ ಕಳದು ನಾ ಅವ್ವ ಆಗಬೇಕೇನ್ರಿ?”

ಸುಗಲಮ್ಮನ ಕೈ ತನ್ನ ಕೊರಳಿಗೆ ಹೋಯಿತು. ಸವೆದ ತಗಡನ್ನು ಮುಷ್ಟಿಯಲ್ಲಿ ಹಿಡಿದು ಗೋಡೆಗೊರಗಿ ಕುಸಿದು ಕುಳಿತಳು.

“ನಾನೂ ಎರಡನೇದಾಕಿನವ್ವ...” ಎಂದಳು. “ನಮ್ಮತ್ತಿ ಮೊದಲಿನಾಕಿ ಫೋಟೊಕ್ಕ ದಿನಾ ಹೂವು ಹಾಕತಿದ್ಲು. ನಾ ರೊಟ್ಟಿ ಮಾಡಿದ್ರ, ಅಕಿ ಕೈಯಾಗಿನ ರೊಟ್ಟಿ ಹಿಂಗ ಇರತಿದ್ದಿಲ್ಲ ಅಂತಿದ್ಲು. ನಾ ಹಡದ್ರ, ಅಕಿ ಇದ್ದಿದ್ರ ಕೂಸು ಇನ್ನೂ ಕೆಂಪಗಿರತಿತ್ತು ಅಂತಿದ್ಲು! ಇಪ್ಪತ್ತು ವರ್ಷ ಸತ್ತಾಕಿ ಮುಂದ ಬಾಳೇ ಮಾಡೀನಿ. ನಿನಗ ಅದು ಬ್ಯಾಡ ಅಂತ... ನಿನ್ನ ಸಲುವಾಗೇ...”

ಆನಂದನಿಗೆ ನೆನಪಾಯಿತು. ಅಜ್ಜಿಯ ಕೋಣೆಯಲ್ಲಿ ಹಾರ ಹಾಕಿದ ಒಂದು ಫೋಟೊ ಇತ್ತು. “ನಿಮ್ಮ ದೊಡ್ಡವ್ವ” ಎನ್ನುತ್ತಿದ್ದಳು ಅಜ್ಜಿ. ಯಾರೋ ದೂರದ ನೆಂಟಳೆಂದು ಅವನು ತಿಳಿದಿದ್ದ. ಅಜ್ಜಿ ಸತ್ತ ಮೇಲೆ ಅದು ಎಲ್ಲಿ ಹೋಯಿತೆಂದು ಯಾರೂ ಕೇಳಲಿಲ್ಲ.

ಸುಮಂಗಲಾ ಅತ್ತೆಯ ಪಕ್ಕ ನೆಲಕ್ಕೆ ಕುಳಿತಳು. “ನೀವು ನಿಮ್ಮತ್ತಿ ಹಂಗ ಅನ್ನಬ್ಯಾಡ್ರಿ, ಅಷ್ಟ ಸಾಕು. ಫೋಟೊ ಏನೂ ಅನ್ನೂದಿಲ್ಲ” ಎಂದಳು. ಸುಗಲಮ್ಮ ಸೊಸೆಯ ತೊಡೆಯ ಮೇಲೆ ತಲೆಯಿಟ್ಟು ಅತ್ತಳು. ಮಲ್ಲು ಪತ್ರಿಕೆ ಮಡಿಸಿಟ್ಟು ಎದ್ದ. ಈ ಸಲ ಚಪ್ಪಲಿ ಹುಡುಕಲಿಲ್ಲ. ತಾನೇ ಫೋಟೊ ಇಳಿಸಿ ತಮ್ಮನ ಕೈಗೆ ಕೊಟ್ಟು, “ನೀಲಾನ್ನ ತಂದುಬಿಡೋ...” ಎಂದ.

ಸಂಜೆ ಲಹರಿ ಶಾಲೆಯಿಂದ ಬರುವಷ್ಟರಲ್ಲಿ ನೀಲಾ ಗೋಡೆಯ ಮೇಲಿದ್ದಳು. ಮಗು ಚೀಲವನ್ನೂ ಇಳಿಸದೆ ಬಹಳ ಹೊತ್ತು ನೋಡಿ, “ಬಂದಿ?” ಎಂದಷ್ಟೇ ಕೇಳಿತು.

ಆಮೇಲೆ ಸುಗಲಮ್ಮ ಆನಂದನ ಮೇಜಿನ ಬಳಿ ಬಂದಳು. ಟ್ರಂಕಿನ ತಳದಿಂದ ತೆಗೆದ, ಹಳೆಯ ಖಣದ ಬಟ್ಟೆಯಲ್ಲಿ ಸುತ್ತಿದ ಫೋಟೊವನ್ನು ಈ ಸಲ ಮೆಲ್ಲಗೆ ಇಟ್ಟಳು. ಯಾವುದೋ ಕಾಲದ ಸ್ಟುಡಿಯೊ ಫೋಟೊ. ತೇವ ತಿಂದು ಹೆಣ್ಣಿನ ಅರ್ಧ ಮುಖ ಹೋಗಿತ್ತು.

“ಇಕಿ ಹೆಸರು ದಾನಮ್ಮ. ನಾನ ಇಳಿಸಿ ಮುಚ್ಚಿಟ್ಟಿದ್ದೆ. ಅಳಸೂದು ಕಲ್ತೀದಿ, ಹೋದವರನ್ನ ತರೂದು ಬರ್ತೈತೇನು?”

ಆನಂದ ಬೆಳಕಿಗೆ ಹಿಡಿದು ನೋಡಿದ. “ಕಷ್ಟ ಐತಿ ಅವ್ವ. ಬಾಯಿ, ಗದ್ದ ಏನೂ ಉಳದಿಲ್ಲ. ಹೆಂಗಿದ್ಲು ಅಂತ ನೋಡಿದವರು ಯಾರರ ಹೇಳಬೇಕು. ಅಂಥವರು ಈಗ ಯಾರದಾರ?”

ಸುಗಲಮ್ಮ ಸ್ಟೂಲು ಎಳೆದುಕೊಂಡು ಮಗನ ಪಕ್ಕ ಕುಳಿತಳು.

“ನಾನದೀನಲ್ಲ. ನನ್ನಷ್ಟು ಅಕಿನ್ನ ಯಾರು ನೋಡ್ಯಾರ?... ಬರಕೋ. ತುಟಿ ತೆಳ್ಳಗ. ಎಡಕ್ಕ ಒಂಚೂರು ನಗತಿದ್ಲು. ಚಂದಿದ್ಲು.”

ಜೋಮು ಬಿಡುವಾಗ ಕಾಲು ಉರಿಯುತ್ತದೆ. ಆನಂದನಿಗೆ ಎದೆಯಲ್ಲಿ ಎಲ್ಲೋ ಒಂದು ಕಡೆ ಹಾಗೆ ಉರಿಯತೊಡಗಿತು. ಪರದೆ ಮಂಜಾಯಿತು. ಅವನು ತೋಳಿನಿಂದ ಕಣ್ಣೊರೆಸಿಕೊಂಡು, ತಾಯಿ ಹೇಳಿದಂತೆ, ಎಡಕ್ಕೆ ಒಂಚೂರು ನಗು ಬಿಡಿಸಿದ.

“ಇಷ್ಟು ಸಾಕೇನವ್ವ?”

“ಇನ್ನೂ ಒಂಚೂರು” ಎಂದಳು ಸುಗಲಮ್ಮ.