ಅರೆಯದೆ ಬಿಟ್ಟ ಫೈಲು

ಭತ್ತ ಒಣಗಿಸುವ ಗೋಪುರಕ್ಕೆ ಪ್ರೋಗ್ರಾಂ ಬರೆದು ಬುದ್ಧಿ ಕೊಟ್ಟವಳು ಸುಲ್ಮಾ ತೆಚೇರಾ. ಗಿರಣಿಯ ಮಾಲೀಕರ ಮುಂದೆ ಅದನ್ನು ತನ್ನ ಕೂಸೆಂದು ಹೇಳಿಕೊಂಡವನು ಅನ್ಸೆಲ್ಮೊ ಬೆರೂತಿ. ಮೊಂಟೆವಿಡಿಯೊದ ಆ ಪುಟ್ಟ ಕಚೇರಿಯಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು. ಸುಲ್ಮಾಳೂ ತಟ್ಟಿದಳು, ಅಂಗೈ ಉರಿಯುವವರೆಗೆ.

"ಮುಖ ಯಾಕೆ ಹುಳ್ಳಗಿದೆ? ತಗೋ, ಕುಡಿ," ಎಂದು ಅನ್ಸೆಲ್ಮೊ ಮಾಟೆ ಎಲೆಯ ಕಷಾಯ ತುಂಬಿದ ಸೋರೆಬುರುಡೆ ಚಾಚಿದ. "ಹೆಸರು ಯಾರದ್ದಾದ್ರೇನು, ನಾವೆಲ್ಲ ಒಂದೇ ಮನೆಯವ್ರಲ್ವಾ?"

"ಹೌದಪ್ಪ, ಒಂದೇ ಮನೆ. ಅಡುಗೆ ನಂದು, ಊಟ ನಿಂದು."

ಅವನು ಜೋರಾಗಿ ನಕ್ಕ. ಆ ನಗು ನಿಲ್ಲುವ ಮೊದಲೇ ಅವಳೊಳಗೆ ಉಪಾಯ ಮೊಳೆತಿತ್ತು.

ಗೋಪುರದ ಶಾಖ ಎಷ್ಟಿರಬೇಕೆಂಬ ನಿಯಮಗಳೆಲ್ಲ ಒಂದು ಸ್ಕ್ರಿಪ್ಟ್ ಫೈಲಿನಲ್ಲಿದ್ದವು. ಅದನ್ನು ಇಲ್ಲಿ ಕಂಪೈಲ್ ಮಾಡುವ, ಎಂದರೆ ಯಂತ್ರದ ಭಾಷೆಗೆ ಅರೆದುಬಿಡುವ ಹಾಗಿಲ್ಲ. ಇದ್ದದ್ದು ಇದ್ದಂತೆಯೇ ಗಿರಣಿಗೆ ಹೋಗಿ, ಅಲ್ಲಿನ ಯಂತ್ರ ಅದನ್ನು ಓದಿಕೊಳ್ಳಬೇಕು. ಕಚೇರಿಯಲ್ಲಿ ಕೋಡ್ ಬರೆಯಲು ಬಳಸುವ ಎಡಿಟರ್ ತಂತ್ರಾಂಶಕ್ಕೆ ಮಾತ್ರ ಅದು ತಿಳಿಯದು. ಸ್ಕ್ರಿಪ್ಟ್ ಕಂಡರೆ ಸಾಕು, ಕಾಳು ಕಂಡ ಬೀಸುಕಲ್ಲಿನಂತೆ ಅರೆಯಲು ಕೂರುತ್ತಿತ್ತು. ತಪ್ಪು ಸಿಕ್ಕಲ್ಲೆಲ್ಲ ಕೆಂಪು ಗೆರೆ. ಆ ಗದ್ದಲಕ್ಕೆ ಬೈಯದವರೇ ಇರಲಿಲ್ಲ.

ಮಳೆಯ ಮಧ್ಯಾಹ್ನ ಅನ್ಸೆಲ್ಮೊ ಎಲ್ಲರಿಗೂ ಕರಿದ ರೊಟ್ಟಿ ತರಲು ಹೋದ. ಅವನ ಕಂಪ್ಯೂಟರ್ ಎಂದಿನಂತೆ ತೆರೆದೇ ಇತ್ತು. ಸುಲ್ಮಾ ಅವನ ಕುರ್ಚಿಯಲ್ಲಿ ಕೂತಳು. ಸ್ಕ್ರಿಪ್ಟ್ ಇದ್ದ ಫೋಲ್ಡರಿನಲ್ಲಿರುವುದು ಬರೀ ಸಾಗಿಸುವ ಸರಕು, ಅರೆಯಬೇಡ ಎಂದು ಎಡಿಟರಿಗೆ ಹೇಳಿಕೊಟ್ಟಳು. ಕೆಂಪು ಗೆರೆಗಳು ಒಟ್ಟಿಗೆ ಆರಿದವು. ಆಮೇಲೆ ಫೈಲು ತೆರೆದಳು. ಹೊಸ ಕೊಯ್ಲಿನ ವರ್ಷ ಬಂದೊಡನೆ ಗೋಪುರ ಶಾಖದ ಮಿತಿಯನ್ನು ಮರೆಯುವಂತೆ ಕೆಲವೇ ಸಾಲು ಸೇರಿಸಿದಳು. ಮೊದಲಾಗಿದ್ದರೆ ಎಡಿಟರು ಮಿತಿಯನ್ನು ಬಳಸಿಯೇ ಇಲ್ಲವೆಂದು ಕಿರುಚುತ್ತಿತ್ತು. ಈಗ ಮೂಕವಾಗಿತ್ತು. ಎರಡು ಬದಲಾವಣೆಗಳೂ ಅನ್ಸೆಲ್ಮೊನ ಹೆಸರಿನಲ್ಲೇ ದಾಖಲಾದವು.

"ಅಬ್ಬ, ಈ ಗಲಾಟೆ ನಿಲ್ಲಿಸಿದ ಪುಣ್ಯಾತ್ಮ ಯಾರು?" ಮರುದಿನ ಮುಖ್ಯಸ್ಥೆ ಎಲ್ವೀರಾ ಕೇಳಿದಳು.

ಅನ್ಸೆಲ್ಮೊ ದಾಖಲೆ ನೋಡಿದ, ಗಲ್ಲ ಸವರಿಕೊಂಡ. "ನಾನೇ. ಏನ್ ಮಹಾ ಕೆಲ್ಸ ಬಿಡಿ."

ಅವನು ಹೀಗೇ ಹೇಳುವನೆಂದು ಸುಲ್ಮಾ ಲೆಕ್ಕ ಹಾಕಿದ್ದಳು. ಕದ್ದು ಕುಡಿಯುವ ಬೆಕ್ಕಿಗೆ ಯಾರ ಮನೆಯ ಹಾಲಾದರೇನು?

ಗೋಪುರ ನೋಡಿಕೊಳ್ಳುವ ಮುದುಕ ಓಲೆಗಾರಿಯೊನ ನೆನಪು ಆಗಾಗ ಬರುತ್ತಿತ್ತು. ಗಿರಣಿಗೆ ಹೋದಾಗಲೆಲ್ಲ ಅವನು ಅವಳ ಚೀಲಕ್ಕೆ ಕಿತ್ತಳೆ ತುಂಬುತ್ತಿದ್ದ. ಭತ್ತ ಸೀಯುತ್ತದೆ ಅಷ್ಟೆ, ಅವನಿಗೇನೂ ಆಗದು ಎಂದು ಅವಳು ತನಗೆ ತಾನೇ ಮಗುವನ್ನು ಮಲಗಿಸುವ ಹಾಗೆ ಹೇಳಿಕೊಂಡಳು.

ಕೊಯ್ಲು ಬಂತು. ಭತ್ತ ಸೀಯಲಿಲ್ಲ, ಹೊತ್ತಿಕೊಂಡಿತು. ಗೋಪುರದ ಬಾಗಿಲು ಮುಚ್ಚಲು ಓಡಿದ ಓಲೆಗಾರಿಯೊನ ಎರಡೂ ಕೈ ಮೊಣಕೈವರೆಗೆ ಬೆಂದವು.

ಎಲ್ವೀರಾ ಎಲ್ಲರನ್ನೂ ಕೂರಿಸಿ, ಗಿರಣಿಯ ಯಂತ್ರದಿಂದ ತಂದ ಫೈಲನ್ನು ಗೋಡೆಯ ಮೇಲೆ ತೋರಿಸಿದಳು. ಅನ್ಸೆಲ್ಮೊ ಕುರ್ಚಿಯಿಂದ ಎದ್ದ.

"ಆಣೆಗೂ ನಾನಲ್ಲ. ಅವತ್ತು ಸುಮ್ನೆ ಹೇಳ್ಕೊಂಡೆ, ಅಷ್ಟೇ."

"ಸುಮ್ನೆ ಹೇಳ್ಕೊಳ್ಳೋದು ನಿನ್ನ ಹುಟ್ಟುಗುಣ," ಎಂದಳು ಎಲ್ವೀರಾ. ಸುಲ್ಮಾ ತಲೆ ತಗ್ಗಿಸಿ ಕೂತಳು. ಅಯ್ಯೋ ಪಾಪ ಎನ್ನುವಂಥ ಮುಖ ತಾನಾಗಿ ಬಂದಿತ್ತು. ಎಲ್ವೀರಾ ಗೋಡೆಯ ಹತ್ತಿರ ಹೋಗಿ ಒಂದು ಪದದ ಕೆಳಗೆ ಬೆರಳಿಟ್ಟಳು. "ಆದ್ರೆ ಅನ್ಸೆಲ್ಮೊ, ವರ್ಷ ಅನ್ನೋದನ್ನ ನೀನು ಹೀಗೆ ಬರೀತೀಯಾ?"

ಸ್ಪ್ಯಾನಿಷಿನಲ್ಲಿ ವರ್ಷ ಎಂದರೆ 'ಆನ್ಯೊ'. ಅದರ ಎನ್ ಅಕ್ಷರದ ತಲೆಯ ಮೇಲೊಂದು ಸಣ್ಣ ಅಲೆ. ಕೋಡಿನಲ್ಲಿ ಆ ಅಲೆ ಇಡಲು ಯಾರಿಗೂ ಧೈರ್ಯವಿಲ್ಲ. ಅಲೆ ಬಿಟ್ಟರೆ ವರ್ಷ ಎಂಬ ಅರ್ಥ ಹೋಗಿ ಅಂಡು ಎಂದಾಗುತ್ತದೆ. ಅದಕ್ಕೇ ಕಚೇರಿಯವರೆಲ್ಲ ಎನ್ ಪಕ್ಕ ಒಂದು ಐ ಇಟ್ಟು ಮರ್ಯಾದೆ ಉಳಿಸಿಕೊಳ್ಳುತ್ತಿದ್ದರು. ಗೋಡೆಯ ಮೇಲೆ ಎನ್ ಪಕ್ಕ ಎಚ್ ಇತ್ತು, ಆ ಧ್ವನಿಯನ್ನು ಪೋರ್ಚುಗೀಸಿನಲ್ಲಿ ಬರೆಯುವ ಹಾಗೆ. ಬ್ರೆಜಿಲ್ ಗಡಿಯ ರಿವೇರಾದಲ್ಲಿ, ಅಜ್ಜಿಯ ಮಡಿಲಲ್ಲಿ ಪೋರ್ಚುಗೀಸ್ ಅಕ್ಷರ ಕಲಿತವಳು ಆ ಕಚೇರಿಯಲ್ಲಿ ಒಬ್ಬಳೇ. ಒಂದೊಂದೇ ತಲೆ ಸುಲ್ಮಾಳ ಕಡೆ ತಿರುಗಿತು. ಫೈಲನ್ನು ಅರೆದಿದ್ದರೆ ಆ ಎಚ್ ಹಿಟ್ಟಿನಲ್ಲಿ ಹಿಟ್ಟಾಗಿ ಹೋಗುತ್ತಿತ್ತು. ಅರೆಯಬೇಡ ಎಂದವಳು ಅವಳೇ.