ಗಾಜಿನಾಚೆಯ ಡಾಕ್ಟರ್

“ಫಲಿತಾಂಶ ಚೆನ್ನಾಗಿದೆ. ಆದರೆ ಇಷ್ಟಕ್ಕೇ ನಂಬಲ್ಲ,” ಎಂದ, ಪ್ರಯೋಗದ ಇಲಿಗಳನ್ನು ಸಾಕುವ ಇಲಿಮನೆಯ ಡಾಕ್ಟರ್, ಲ್ಯಾಬಿನ ಕಿಟಕಿಯ ಗಾಜಿನಾಚೆ ನಿಂತು, ಸ್ಪೀಕರಿನಲ್ಲಿ.

ಒಳಗಿದ್ದ ಸಂಶೋಧಕಿಗೆ ಮೈಯೆಲ್ಲ ಉರಿಯಿತು. ತಾನು ಕಂಡುಹಿಡಿದ ನೋವಿನ ಮದ್ದು ಅಷ್ಟೂ ಕಪ್ಪಿಲಿಗಳ ಮೇಲೆ ಕೆಲಸ ಮಾಡಿದೆ, ಇವನಿಗೆ ಸಾಲದಂತೆ!

“ಏನ್ರೀ ಕೊಂಕು?”

“ಕೊಂಕಲ್ಲ. ನಿಮ್ಮವು ಇನ್‌ಬ್ರೆಡ್ ಇಲಿಗಳು. ತಲೆಮಾರುಗಟ್ಟಲೆ ಒಡಹುಟ್ಟಿದವನ್ನೇ ಕೂಡಿಸಿ ಬೆಳೆಸಿದ್ದು, ಎಲ್ಲಾ ಅಚ್ಚು ಒತ್ತಿದ ಹಾಗೆ. ನಾಳೆ ಬರೋ ರೋಗಿಗಳೂ ಹಾಗೇನಾ?”

“ಹಾಗಿದ್ದರೇನೇ ಗುಣ ಮದ್ದಿನದಾ ಇಲಿಯದಾ ಅಂತ ಗೊತ್ತಾಗೋದು, ಡಾಕ್ಟರೇ. ಅದಕ್ಕೇ ಅವನ್ನ ಆರಿಸಿದ್ದು.”

“ಮೊದಲಿಗೆ ಅದೇ ಸರಿ.” ಅವನು ಕಣ್ಣಂಚಿನಲ್ಲೇ ನಕ್ಕ. “ಈಗ ನನ್ನ ಬಿಳಿ ಔಟ್‌ಬ್ರೆಡ್ ಇಲಿಗಳನ್ನ ಕಳಿಸ್ತೀನಿ. ನೋಡೋಕೆ ಒಂದೇ ಥರ, ಒಳಗೆ ಒಂದೊಂದೂ ಬೇರೆ. ಅಲ್ಲೂ ಗೆಲ್ಲಿ ನೋಡೋಣ. ಭಯಾನಾ?”

“ಕಳಿಸ್ರೀ!”

ಅವನು ಒಳಗೆ ಬರುವಂತಿರಲಿಲ್ಲ. ಗಂಡಸಿನ ವಾಸನೆಗೆ ಇಲಿಗಳು ಬೆದರುತ್ತವೆ. ಬೆದರಿದ ಇಲಿಗೆ ಮದ್ದಿಲ್ಲದೆಯೂ ನೋವು ಕಡಿಮೆಯಾಗಿ, ಲೆಕ್ಕವೆಲ್ಲ ತಪ್ಪುತ್ತದೆ. ‘ಗಂಡಸರಿಗೆ ಪ್ರವೇಶವಿಲ್ಲ’ ಎಂದು ಬಾಗಿಲಿಗೆ ಚೀಟಿ ಅಂಟಿಸಿದವಳು ಅವಳೇ.

ದಿನವೂ ಅವನು ಗಾಜಿನಾಚೆ ಹಾಜರು. ಗುರುತಿಗೆಂದು ಅವಳು ಇಲಿಗಳ ಬಾಲಕ್ಕೆ ಮಾರ್ಕರಿನಿಂದ ಉಂಗುರ ಬರೆಯುವಾಗ ಸ್ಪೀಕರ್ ಗೊಣಗುತ್ತಿತ್ತು: “ಅವಕ್ಕೆಲ್ಲ ಉಂಗುರ, ನನಗೆ ಮಾತ್ರ ಚೀಟಿಯಾ?”

“ಬಾಲ ಇದ್ದರೆ ತೋರಿಸಿ.”

ಅವನ ನಗುವಿಗೆ ಗಾಜು ಮಬ್ಬಾಗುತ್ತಿತ್ತು. ಅವಳು ಮುಖ ತಿರುಗಿಸಿ ನಗುತ್ತಿದ್ದಳು.

ಬಿಳಿ ಇಲಿಗಳು ಮಾತ್ರ ಹಟ ಹಿಡಿದವು. ಒಂದಕ್ಕೆ ಬೇಗ ಗುಣ, ಇನ್ನೊಂದಕ್ಕೆ ತಡ, ಮತ್ತೊಂದಕ್ಕೆ ಏನೂ ಇಲ್ಲ.

“ಕಪ್ಪಿಲಿಯದ್ದೇ ಸಾಕು ಕಣೆ. ಬಿಳಿಯದ್ದನ್ನ ಯಾಕೆ ಪ್ರಕಟಿಸ್ತೀಯ?” ಎಂದರು ಅವಳ ಗೈಡ್ ಮೇಡಂ.

“ಹೇಗೆ ಬಂದರೂ ಬರೀತೀನಿ, ಮೇಡಂ. ನನ್ನ ಮದ್ದು, ನನ್ನ ಮಾತು.”

ಗಾಜಿನಾಚೆ ಅವನು ಎದೆಯುಬ್ಬಿಸಿ ನಿಂತಿದ್ದ, ತನ್ನದೇ ಗೆಲುವೆಂಬಂತೆ.

ಕೊನೆಯ ಇಲಿಯ ಸರದಿಯೂ ಮುಗಿಯಿತು. ಪ್ರತಿ ನಾಲ್ಕರಲ್ಲಿ ಮೂರಕ್ಕೆ ನೋವು ತಗ್ಗಿತ್ತು.

“ಕಪ್ಪಿಲಿಯಷ್ಟು ಚಂದವಾಗಿಲ್ಲ,” ಎಂದಳು, ಗಾಜಿನ ಹತ್ತಿರ ಬಂದು.

“ಅದಕ್ಕಿಂತ ಚಂದ. ಈಗ ನಂಬಿದೆ ನೋಡಿ. ಮದ್ದನ್ನ. ನಿಮ್ಮನ್ನ, ಮೇಡಂಗೆ ಆ ಮಾತು ಹೇಳಿದ ದಿನವೇ ನಂಬಿದ್ದೆ.”

ಅವಳು ಬಾಗಿಲು ತೆರೆದು, ಚೀಟಿ ಕಿತ್ತು ಜೇಬಿಗಿಟ್ಟುಕೊಂಡಳು. “ಇಲಿಗಳ ಲೆಕ್ಕ ಮುಗೀತು. ಬನ್ನಿ ಒಳಗೆ.”

ಅವನು ಹೊಸ್ತಿಲು ದಾಟಿ ಬಂದ. ಅವಳು ಅವನ ಕೈ ಹಿಡಿದು, ಬೆರಳಿನ ಸುತ್ತ ಮಾರ್ಕರಿನಿಂದ ನಿಧಾನವಾಗಿ ಒಂದು ಉಂಗುರ ಬರೆದಳು.

“ಇದು ಅಳಿಸಿಹೋಗುತ್ತಲ್ಲಾ…”

“ಗೊತ್ತು,” ಎಂದಳು, ಕೈ ಬಿಡದೆ. “ದಿನಾ ಬರಬೇಕು, ತಿದ್ದಿಸಿಕೊಳ್ಳೋಕೆ.”